42 ಪಂದ್ಯ, ಒಂದು ಪತ್ರ



ಕ್ರೀಡೆ ಮತ್ತು ಸಮಾಜ ಎಂಬ ವಿಷಯದ ಮೇಲೆ ಮಾತಾಡಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಕರೆದಾಗ, ನಾನು ಕ್ರಿಕೆಟ್ಟನ್ನೋ ಕುಸ್ತಿಯನ್ನೋ ಆರಿಸಿಕೊಳ್ಳುತ್ತೇನೆಂದು ಅವರು ಎಣಿಸಿದ್ದರು. ನಾನು ಆರಿಸಿಕೊಂಡದ್ದು ಬೇಸ್‌ಬಾಲ್. ಈ ಸಭೆಯಲ್ಲಿ ಅದನ್ನು ಆಡಿದವರು ಬಹುಶಃ ಯಾರೂ ಇಲ್ಲ. ಚಿಂತೆಯಿಲ್ಲ, ಇವತ್ತಿನ ಮಾತಿಗೆ ಆಟದ ನಿಯಮಗಳು ಹೆಚ್ಚು ಬೇಕಾಗುವುದಿಲ್ಲ. ಬೇಸ್‌ಬಾಲ್ ಹವ್ಯಾಸವಾಗಿದ್ದದ್ದು ಸಂಬಳದ ಕಸುಬಾದ ಮೊದಲ ದಿನಗಳಲ್ಲಿ ಅದಕ್ಕೆ ಇಳಿದ ಇಬ್ಬರು ಅಣ್ಣತಮ್ಮಂದಿರ ಕಥೆ ಹೇಳಲು ಬಂದಿದ್ದೇನೆ. ಅಣ್ಣ ಮೋಸೆಸ್ ಫ್ಲೀಟ್‌ವುಡ್ ವಾಕರ್, ತಮ್ಮ ವೆಲ್ಡಿ ವಾಕರ್. ಅಣ್ಣನನ್ನು ಎಲ್ಲರೂ ಫ್ಲೀಟ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ಇವರ ಕಡೆಗೆ ನನ್ನನ್ನು ಸೆಳೆದದ್ದು ಒಂದು ಸಣ್ಣ ಸಂಗತಿ. ಹೈಸ್ಕೂಲಿನಲ್ಲಿ ನಾನು ವಿಕೆಟ್ ಕೀಪರ್ ಆಗಿದ್ದೆ. ಬಲಗೈಯ ಕಿರುಬೆರಳು ಆಗ ಸೊಟ್ಟಗಾದದ್ದು ಇಂದಿಗೂ ನೆಟ್ಟಗಾಗಿಲ್ಲ. ಅದೂ ದಪ್ಪ ಗ್ಲೌಸು ಹಾಕಿಕೊಂಡು. ಬೇಸ್‌ಬಾಲಿನಲ್ಲಿ ಕ್ಯಾಚರ್ ಎಂದರೆ ಹೆಚ್ಚುಕಡಿಮೆ ನಮ್ಮ ವಿಕೆಟ್ ಕೀಪರನೇ. ಬ್ಯಾಟು ಹಿಡಿದವನ ಬೆನ್ನಿಗೆ ನಿಂತು, ಪಿಚರ್ ಎಸೆದ ಚೆಂಡನ್ನೆಲ್ಲ ಹಿಡಿಯಬೇಕಾದವನು. ಕ್ರಿಕೆಟ್ಟಿನ ಚೆಂಡು ನೆಲಕ್ಕೆ ತಾಗಿ ಒಂದಿಷ್ಟು ಬಿರುಸು ಕಳೆದುಕೊಂಡು ಬರುತ್ತದೆ. ಬೇಸ್‌ಬಾಲಿನ ಚೆಂಡು ಗಾಳಿಯಲ್ಲೇ ನೇರ ಬರುತ್ತದೆ. ಇವತ್ತು ಪಿಚರ್ ನಿಲ್ಲುವುದು 60 ಅಡಿ 6 ಅಂಗುಲದ ದೂರದಲ್ಲಿ. 1884ರಲ್ಲಿ ಅವನು ನಿಲ್ಲುತ್ತಿದ್ದದ್ದು 50 ಅಡಿ ದೂರದಲ್ಲಿ. ಈಗಿನ ಮೆತ್ತೆಯಂಥ ದಪ್ಪ ಗ್ಲೌಸು ಆಗ ಇರಲಿಲ್ಲ, ಕಾಲಿಗೆ ಕಟ್ಟುವ ಕವಚವೂ ಇರಲಿಲ್ಲ. ಫ್ಲೀಟ್ ಒಮ್ಮೊಮ್ಮೆ ಕುರಿಮರಿ ತೊಗಲಿನ ತೆಳ್ಳನೆಯ ಕೈಗವಸನ್ನು ಬೆರಳ ತುದಿ ಸೀಳಿ ಹಾಕಿಕೊಳ್ಳುತ್ತಿದ್ದ. ಹೆಚ್ಚಿನ ದಿನ ಬರಿಗೈ. ಇದನ್ನು ಓದಿದ ದಿನ ನನ್ನ ಕಿರುಬೆರಳನ್ನು ಸುಮಾರು ಹೊತ್ತು ನೋಡುತ್ತ ಕೂತೆ. ಆಮೇಲೆ ಆ ಮನುಷ್ಯನನ್ನು ಬಿಡಲಾಗಲಿಲ್ಲ.

ಫ್ಲೀಟ್ ಹುಟ್ಟಿದ್ದು 1856ರ ಅಕ್ಟೋಬರ್ 7ರಂದು, ಒಹಾಯೊ ರಾಜ್ಯದ ಮೌಂಟ್ ಪ್ಲೆಸೆಂಟ್ ಎಂಬ ಸಣ್ಣ ಊರಿನಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧವಾಗಿದ್ದ ಕಾಲ. ಒಹಾಯೊ ನದಿಯ ಆಚೆ ದಡ ಆಗ ವರ್ಜೀನಿಯ. ಅಲ್ಲಿ ಮನುಷ್ಯರನ್ನು ಕೊಂಡು ಮಾರುತ್ತಿದ್ದರು. ಈಚೆ ದಡದಲ್ಲಿ ಗುಲಾಮಗಿರಿ ಇರಲಿಲ್ಲ. ಮೌಂಟ್ ಪ್ಲೆಸೆಂಟ್ ಕ್ವೇಕರ್ ಪಂಥದವರು ನೆಲೆಸಿದ್ದ ಊರು. ಆಚೆ ದಡದಿಂದ ತಪ್ಪಿಸಿಕೊಂಡು ಬಂದವರನ್ನು ಮನೆಯಿಂದ ಮನೆಗೆ ಬಚ್ಚಿಟ್ಟು ಉತ್ತರಕ್ಕೆ ದಾಟಿಸುತ್ತಿದ್ದ ಗುಟ್ಟಿನ ದಾರಿಯಲ್ಲಿ ಈ ಊರೂ ಒಂದು ತಂಗುದಾಣ. ಅಂಥ ಊರಿನಲ್ಲಿ ಒಂದು ಕಪ್ಪು ಕುಟುಂಬ ತಲೆಯೆತ್ತಿ ಬದುಕುವುದು ಸಾಧ್ಯವಿತ್ತು.

ತಂದೆಯ ಹೆಸರೂ ಮೋಸೆಸ್ ವಾಕರ್, ತಾಯಿ ಕ್ಯಾರೊಲಿನ್ ಒಹಾರ. ಕುಟುಂಬ ಹತ್ತಿರದ ಸ್ಟೂಬೆನ್‌ವಿಲ್ ಪಟ್ಟಣಕ್ಕೆ ಬಂದಿತು. 1860ರಲ್ಲಿ ಅಲ್ಲಿ ವೆಲ್ಡಿ ಹುಟ್ಟಿದ. ತಂದೆ ವೈದ್ಯರಾದರು. ಒಹಾಯೊದ ಮೊತ್ತಮೊದಲ ಕಪ್ಪು ವೈದ್ಯರಲ್ಲಿ ಅವರೂ ಒಬ್ಬರು. ಮುಂದೆ ಮೆಥಡಿಸ್ಟ್ ಚರ್ಚಿನ ಪಾದ್ರಿಯೂ ಆದರು. ದೇಶದ ಅರ್ಧ ಭಾಗದಲ್ಲಿ ಕಪ್ಪು ಜನರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿದ್ದ ದಿನಗಳನ್ನು ಕಂಡ ತಲೆಮಾರು ಅದು. ಆ ತಲೆಮಾರಿನ ಒಬ್ಬ ವೈದ್ಯ ತನ್ನ ಮಕ್ಕಳಿಂದ ಏನನ್ನು ಬಯಸಿದ್ದಾನು ಎಂಬುದು ಇಲ್ಲಿ ಕೂತಿರುವ ಮೊದಲ ತಲೆಮಾರಿನ ಪದವೀಧರರ ಮಕ್ಕಳಿಗೆ ಗೊತ್ತು.

ಮಕ್ಕಳು ಹೋದದ್ದು ಓಬರ್ಲಿನ್ ಕಾಲೇಜಿಗೆ. ಒಹಾಯೊದ ಈ ಕಾಲೇಜು 1835ರಲ್ಲೇ ಕಪ್ಪು ವಿದ್ಯಾರ್ಥಿಗಳನ್ನೂ 1837ರಲ್ಲಿ ಹೆಣ್ಣುಮಕ್ಕಳನ್ನೂ ಪದವಿ ತರಗತಿಗೆ ಸೇರಿಸಿಕೊಂಡಿತ್ತು. ವಾಕರ್ ಮನೆಯ ಮಟ್ಟಿಗೆ ಇದು ಬರಿಯ ಕಾಲೇಜಾಗಿ ಉಳಿಯಲಿಲ್ಲ. ಫ್ಲೀಟ್ 1882ರಲ್ಲಿ ಮದುವೆಯಾದ ಅರಬೆಲ್ಲ ಟೇಲರ್ ಓಬರ್ಲಿನ್ ವಿದ್ಯಾರ್ಥಿನಿ. ಆಕೆ ತೀರಿಕೊಂಡ ಮೇಲೆ ಕೈಹಿಡಿದ ಎಡ್ನಾ ಮೇಸನ್ ಕೂಡ ಅಲ್ಲಿ ಓದಿದವಳೇ. ತಮ್ಮ ವೆಲ್ಡಿ ಅಣ್ಣನ ಹಿಂದೆಯೇ ಅಲ್ಲಿಗೆ ಬಂದ. ಹೀಗೆ ಒಂದು ಮನೆಯ ಗಂಡು ಹೆಣ್ಣು ಎಲ್ಲರೂ ಒಂದೇ ಮರದ ನೆರಳಿನಲ್ಲಿ ಬೆಳೆದವರು. ಬಿಳಿಯರ ಪಕ್ಕ ಬೆಂಚಿನ ಮೇಲೆ ಕೂತು ಓದಿದವರು, ಊಟ ಮಾಡಿದವರು, ಆಡಿದವರು. ಲೋಕ ಹೀಗೂ ಇರಬಹುದು ಎಂಬುದನ್ನು ಕಣ್ಣಾರೆ ಕಂಡವರು. ಮುಂದೆ ಇವರಿಗೆ ಬಂದ ಸಿಟ್ಟನ್ನು ಅಳೆಯುವಾಗ ಇದನ್ನು ಮರೆಯಬಾರದು. ಎಂದೂ ಒಳಗೆ ಬಿಡದ ಬಾಗಿಲಿನ ನೋವು ಒಂದು ಬಗೆ. ಒಮ್ಮೆ ಒಳಗೆ ಕರೆದು ಕೂರಿಸಿ ಆಮೇಲೆ ಎಬ್ಬಿಸಿ ಕಳಿಸಿದ ಬಾಗಿಲಿನ ನೋವು ಬೇರೆಯೇ.

1881ರಲ್ಲಿ ಓಬರ್ಲಿನ್ ಮೊದಲ ಬಾರಿಗೆ ಬೇರೆ ಕಾಲೇಜುಗಳ ಜತೆ ಆಡುವ ಬೇಸ್‌ಬಾಲ್ ತಂಡ ಕಟ್ಟಿತು. ಅಣ್ಣತಮ್ಮಂದಿರಿಬ್ಬರೂ ಅದರಲ್ಲಿದ್ದರು. ಮಿಷಿಗನ್ ವಿಶ್ವವಿದ್ಯಾಲಯದ ತಂಡವನ್ನು ಇವರು 9-2ರಿಂದ ಸೋಲಿಸಿದರು. ಸೋತ ಮಿಷಿಗನ್ ಫ್ಲೀಟ್‌ನನ್ನು ತನ್ನ ಕಡೆಗೆ ಸೆಳೆದುಕೊಂಡಿತು. ಅಲ್ಲಿ ಅವನು ಕಾನೂನು ಓದಿದ, ತಂಡಕ್ಕೆ ಆಡಿದ. ಪದವಿ ಮಾತ್ರ ಎರಡೂ ಕಡೆ ಪೂರ್ತಿಯಾಗಲಿಲ್ಲ. ಚೆಂಡು ಓದನ್ನು ಗೆದ್ದಿತು.

ಅದೇ 1881ರ ಬೇಸಿಗೆಯಲ್ಲಿ ಕ್ಲೀವ್‌ಲ್ಯಾಂಡಿನ ಒಂದು ಹೊಲಿಗೆ ಯಂತ್ರದ ಕಂಪನಿಯ ತಂಡಕ್ಕೆ ಫ್ಲೀಟ್ ಆಡಿದ. ಆ ತಂಡ ಕೆಂಟಕಿಯ ಲೂಯಿವಿಲ್ ನಗರಕ್ಕೆ ಹೋಯಿತು. ಅಲ್ಲಿಯ ತಂಡದವರು ಕಪ್ಪು ಆಟಗಾರನ ಜತೆ ಆಡುವುದಿಲ್ಲವೆಂದರು. ಕ್ಲೀವ್‌ಲ್ಯಾಂಡಿನವರು ಅವನನ್ನು ಹೊರಗೆ ಕೂರಿಸಿದರು. ಆಟ ಶುರುವಾಯಿತು. ಅವನ ಜಾಗದಲ್ಲಿ ನಿಂತವನ ಕೈಗೆ ಪೆಟ್ಟಾಗಿ ಅವನು ಇನ್ನು ಆಗುವುದಿಲ್ಲ ಎಂದುಬಿಟ್ಟ. ಆಗ ನಡೆದದ್ದನ್ನು ಗಮನಿಸಬೇಕು. ಗುಲಾಮಗಿರಿಯ ರಾಜ್ಯವಾಗಿದ್ದ ಕೆಂಟಕಿಯ ಪ್ರೇಕ್ಷಕರೇ ವಾಕರ್‌ನನ್ನು ಆಡಿಸಿ ಎಂದು ಕೂಗತೊಡಗಿದರು. ಫ್ಲೀಟ್ ಮೈದಾನಕ್ಕಿಳಿದು ಒಂದೆರಡು ಚೆಂಡು ಹಿಡಿದು ತೋರಿಸಿದ. ಜನ ಮೆಚ್ಚಿದರು. ಆದರೆ ಎದುರು ತಂಡದ ಕೆಲವರು ಆಟ ಬಿಟ್ಟು ನಡೆಯಲು ಎದ್ದರು, ಅವನು ಮತ್ತೆ ಹೊರಗೆ ಬಂದು ಕೂರಬೇಕಾಯಿತು. ಟಿಕೆಟ್ಟು ಕೊಂಡು ಬಂದ ಜನಕ್ಕೆ ಬೇಕಾಗಿದ್ದವನು ಜತೆಯಲ್ಲಿ ಆಡುವವರಿಗೆ ಬೇಡವಾಗಿದ್ದ. ಈ ದೃಶ್ಯ ಮುಂದಿನ ಎಂಟು ವರ್ಷ ಬೇರೆ ಬೇರೆ ಊರುಗಳಲ್ಲಿ ಮರುಕಳಿಸುತ್ತದೆ.

ಇಲ್ಲಿ ಆಟದ ಸಂಸ್ಥೆಗಳ ಬಗ್ಗೆ ಒಂದೆರಡು ಮಾತು. ಬಹಿರಂಗವಾಗಿ ಸಂಬಳ ಕೊಟ್ಟು ಆಟಗಾರರನ್ನಿಟ್ಟುಕೊಂಡ ಮೊದಲ ತಂಡ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. ಅದಕ್ಕೂ ಮುಂಚೆ, 1867ರಲ್ಲಿ, ಹವ್ಯಾಸಿ ಕ್ಲಬ್ಬುಗಳ ಸಂಘವು ಕಪ್ಪು ಆಟಗಾರರಿರುವ ಕ್ಲಬ್ಬುಗಳಿಗೆ ಸದಸ್ಯತ್ವವಿಲ್ಲವೆಂದು ತೀರ್ಮಾನಿಸಿತ್ತು. ಆಟ ಕಸುಬಾದ ಮೇಲೆ ಅಂಥ ಬರಹದ ನಿಯಮ ಉಳಿಯಲಿಲ್ಲ. 1878ರಲ್ಲಿ ಬಡ್ ಫೌಲರ್ ಎಂಬಾತ ಬಿಳಿಯರ ವೃತ್ತಿಪರ ತಂಡದಲ್ಲಿ ಆಡಿದ. ಅವನ ಹಿಂದೆ ಇನ್ನಷ್ಟು ಜನ ಬಂದರು. ಬಾಗಿಲು ವಿಶಾಲವಾಗಿ ತೆರೆದಿತ್ತೆಂದು ಹೇಳುತ್ತಿಲ್ಲ. ಅಗುಳಿ ಹಾಕಿರಲಿಲ್ಲ, ಅಷ್ಟೆ. ಆ ಸಂದಿನಲ್ಲಿ ನುಗ್ಗಿದವರು ಇವರು.

1883ರಲ್ಲಿ ಫ್ಲೀಟ್ ಒಹಾಯೊದ ಟೊಲೀಡೊ ತಂಡ ಸೇರಿದ. ಸೇರಿದ ವರ್ಷವೇ ಲೀಗಿನ ಸಭೆಯಲ್ಲಿ ಪಿಯೋರಿಯ ತಂಡದ ಪ್ರತಿನಿಧಿ, ಕಪ್ಪು ಆಟಗಾರರನ್ನು ನಿಷೇಧಿಸಬೇಕೆಂದು ಠರಾವು ತಂದ. ಅದು ಬಿದ್ದುಹೋಯಿತು. ಆಗಸ್ಟ್ 10ರಂದು ಷಿಕಾಗೊ ತಂಡ ಪ್ರದರ್ಶನ ಪಂದ್ಯ ಆಡಲು ಟೊಲೀಡೊಗೆ ಬಂತು. ಅದರ ನಾಯಕ ಕ್ಯಾಪ್ ಆನ್ಸನ್, ಆ ಕಾಲದ ಬೇಸ್‌ಬಾಲಿನ ದೊಡ್ಡ ಹೆಸರು. ವಾಕರ್ ಇದ್ದರೆ ತನ್ನ ತಂಡ ಮೈದಾನಕ್ಕಿಳಿಯುವುದಿಲ್ಲವೆಂದು ಅವನು ಹಟ ಹಿಡಿದ. ನಿಜವೆಂದರೆ ಆ ದಿನ ಫ್ಲೀಟ್‌ನ ಕೈ ಬಾತುಕೊಂಡಿತ್ತು, ಅವನಿಗೆ ವಿಶ್ರಾಂತಿ ಕೊಡುವುದೆಂದೇ ನಿಶ್ಚಯವಾಗಿತ್ತು. ಆನ್ಸನ್‌ನ ಮಾತು ಕೇಳಿದ ಟೊಲೀಡೊದ ಮ್ಯಾನೇಜರ್ ಚಾರ್ಲಿ ಮಾರ್ಟನ್, ಕೈ ನೋವಿದ್ದರೂ ಸರಿ ಎಂದು ಫ್ಲೀಟ್‌ನನ್ನು ರೈಟ್ ಫೀಲ್ಡಿಗೆ ಇಳಿಸಿಬಿಟ್ಟ. ಆಡದಿದ್ದರೆ ಗೇಟಿನ ದುಡ್ಡಿನಲ್ಲಿ ಷಿಕಾಗೊಗೆ ಪಾಲಿಲ್ಲ ಎಂದ. ಆನ್ಸನ್ ಆಡಿದ.

ಈ ಚಾರ್ಲಿ ಮಾರ್ಟನ್‌ನನ್ನು ನಾನು ಗೌರವದಿಂದ ನೆನೆಯುತ್ತೇನೆ. ಅವನು ಭಾಷಣ ಮಾಡಲಿಲ್ಲ. ತನ್ನ ಕೈಯಲ್ಲಿದ್ದ ಆಟಗಾರರ ಪಟ್ಟಿಯಲ್ಲಿ ಒಂದು ಹೆಸರು ಬರೆದ.

ಆ ವರ್ಷ ಟೊಲೀಡೊ ಲೀಗನ್ನು ಗೆದ್ದಿತು. 1884ರಲ್ಲಿ ಅದು ಅಮೆರಿಕನ್ ಅಸೋಸಿಯೇಷನ್ನಿಗೆ ಬಡ್ತಿ ಪಡೆಯಿತು. ಆಗಿನ ದೊಡ್ಡ ಲೀಗುಗಳಲ್ಲಿ ಅದೊಂದು. ಹಾಗಾಗಿ ಮೇ 1ರಂದು, ಅದೇ ಲೂಯಿವಿಲ್ ನಗರದಲ್ಲಿ, ಮೂರು ವರ್ಷದ ಹಿಂದೆ ಹೊರಗೆ ಕೂರಿಸಿದ ಊರಿನಲ್ಲಿ, ಫ್ಲೀಟ್ ವಾಕರ್ ಮೇಜರ್ ಲೀಗ್ ಆಟಗಾರನಾಗಿ ಮೈದಾನಕ್ಕಿಳಿದ. ಆ ದಿನ ಅವನ ಬ್ಯಾಟಿಗೆ ಒಂದೂ ಹಿಟ್ ಸಿಗಲಿಲ್ಲ, ಕೈಯಲ್ಲಿ ತಪ್ಪುಗಳೂ ಆದವು, ತಂಡ 5-1ರಿಂದ ಸೋತಿತು. ಮೊದಲ ದಿನದ ಮೇಲೆ ಯಾರನ್ನೂ ತೂಗಬಾರದು. ವರ್ಷದ ಲೆಕ್ಕ ನೋಡಿ: 42 ಪಂದ್ಯ, 152 ಬಾರಿ ಬ್ಯಾಟಿಂಗ್, 40 ಹಿಟ್. ಸರಾಸರಿ .263. ಬರಿಗೈಯಲ್ಲಿ ಚೆಂಡು ಹಿಡಿದು ಹಿಡಿದು ಬೆರಳು ಬಾತ ಕ್ಯಾಚರನೊಬ್ಬ ಅದೇ ಬೆರಳಿನಲ್ಲಿ ಬ್ಯಾಟು ಹಿಡಿದು ಗಳಿಸಿದ ಲೆಕ್ಕ ಇದು. ಜುಲೈನಲ್ಲಿ ವೆಲ್ಡಿಯೂ ತಂಡಕ್ಕೆ ಬಂದು 5 ಪಂದ್ಯ ಆಡಿದ. ಒಂದೇ ಮನೆಯ ಇಬ್ಬರು ಕಪ್ಪು ಹುಡುಗರು ಒಂದೇ ಮೇಜರ್ ಲೀಗ್ ತಂಡದಲ್ಲಿ. ಸ್ಟೂಬೆನ್‌ವಿಲ್‌ನ ವೈದ್ಯರ ಮನೆಗೆ ಆ ಸುದ್ದಿ ಪತ್ರಿಕೆಯಲ್ಲಿ ತಲುಪಿದ ಬೆಳಗು ಹೇಗಿತ್ತೋ ಎಂದು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಮೈದಾನದ ಒಳಗಿನ ಕಥೆ ಬೇರೆ. ಟೊಲೀಡೊದ ಮುಖ್ಯ ಪಿಚರ್ ಟೋನಿ ಮುಲೇನ್, ಆ ವರ್ಷ 36 ಪಂದ್ಯ ಗೆದ್ದುಕೊಟ್ಟವನು. ಪಿಚರ್ ಮತ್ತು ಕ್ಯಾಚರ್ ನಡುವೆ ಸನ್ನೆಯ ಭಾಷೆ ಇರುತ್ತದೆ. ಯಾವ ಚೆಂಡು ಬರಲಿದೆಯೆಂದು ಕ್ಯಾಚರನಿಗೆ ಮೊದಲೇ ಗೊತ್ತಿರಬೇಕು, ಇಲ್ಲದಿದ್ದರೆ ಚೆಂಡು ಅವನ ಮೈಮೇಲೆ ಬೀಳುತ್ತದೆ. ಮುಲೇನ್ ಎಷ್ಟೋ ವರ್ಷಗಳ ಮೇಲೆ ಪತ್ರಿಕೆಯೊಂದಕ್ಕೆ ಒಪ್ಪಿಕೊಂಡ: ತನ್ನ ಚೆಂಡು ಹಿಡಿದವರಲ್ಲಿ ವಾಕರ್‌ನಷ್ಟು ಒಳ್ಳೆಯ ಕ್ಯಾಚರ್ ಇನ್ನೊಬ್ಬನಿರಲಿಲ್ಲ, ಆದರೆ ಕಪ್ಪು ಮನುಷ್ಯನ ಸನ್ನೆಗೆ ತಾನು ನಡೆಯಲು ಮನಸ್ಸಾಗದೆ, ಅವನ ಸನ್ನೆ ನೋಡದೆ ತನಗೆ ತೋಚಿದ ಚೆಂಡನ್ನು ಎಸೆಯುತ್ತಿದ್ದೆ ಎಂದು. ವಾಕರ್ ಏನು ಬರುತ್ತದೆಂದು ತಿಳಿಯದೆಯೇ ಆ ಚೆಂಡುಗಳನ್ನು ಹಿಡಿಯುತ್ತ ಹೋದ. 50 ಅಡಿ ದೂರದಿಂದ, ಬರಿಗೈಯಲ್ಲಿ, ಯಾವ ಕಡೆಗೆ ತಿರುಗುತ್ತದೆಂದು ತಿಳಿಯದ ಚೆಂಡು. ಸ್ವಂತ ತಂಡದವನೇ ಎಸೆದದ್ದು. ನನಗೆ ವರ್ಣಭೇದದ ಬಗ್ಗೆ ಗೊತ್ತಿರುವ ಘಟನೆಗಳಲ್ಲಿ ಇದಕ್ಕಿಂತ ಸ್ಪಷ್ಟವಾದದ್ದು ಇಲ್ಲ. ಸ್ಪರ್ಶವೊಂದೇ ಅಲ್ಲ, ಸನ್ನೆಯೂ ಮೈಲಿಗೆಯಾಗಬಲ್ಲದು ಎಂಬುದನ್ನು ನಮ್ಮ ಸಭೆಗೆ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಜುಲೈನಲ್ಲಿ ಚೆಂಡು ಬಡಿದು ಫ್ಲೀಟ್‌ನ ಪಕ್ಕೆಲುಬು ಮುರಿಯಿತು. ಶರತ್ಕಾಲದಲ್ಲಿ ತಂಡ ವರ್ಜೀನಿಯದ ರಿಚ್ಮಂಡ್‌ಗೆ ಹೋಗಬೇಕಿತ್ತು. ಹೋಗುವ ಮುಂಚೆ ಮಾರ್ಟನ್‌ಗೆ ಅಲ್ಲಿಂದ ಒಂದು ಬೆದರಿಕೆ ಪತ್ರ ಬಂತು. ವಾಕರ್ ಆಟದ ಉಡುಪಿನಲ್ಲಿ ಮೈದಾನಕ್ಕೆ ಬಂದರೆ 75 ಜನ ಅವನ ಮೇಲೆ ಬೀಳಲು ಆಣೆ ಮಾಡಿದ್ದಾರೆ ಎಂದು. ಫ್ಲೀಟ್ ರಿಚ್ಮಂಡ್‌ಗೆ ಹೋಗಲಿಲ್ಲ. ಗಾಯಗೊಂಡ ಅವನನ್ನು ಸೀಸನ್ ಮುಗಿಯುವ ಮೊದಲೇ ತಂಡ ಬಿಟ್ಟುಕೊಟ್ಟಿತ್ತು. ಅಲ್ಲಿಗೆ ಅವನ ಮೇಜರ್ ಲೀಗ್ ಬದುಕು ಮುಗಿಯಿತು. ವಯಸ್ಸು ಇನ್ನೂ 28 ತುಂಬಿರಲಿಲ್ಲ.

ಅದೇ ಟೊಲೀಡೊ ತಂಡದಲ್ಲಿ ಅದೇ ವರ್ಷ ಇನ್ನೊಬ್ಬ ಕ್ಯಾಚರ್ ಇದ್ದ. ಅವನಿಗೂ ಅದು ಮೊದಲ ವರ್ಷ. ಹೆಸರು ಜೇಮ್ಸ್ ಮೆಗ್ವಾಯರ್, ಬಿಳಿಯ. ಅವನು 1912ರ ತನಕ ಒಟ್ಟು 26 ಸೀಸನ್ ಮೇಜರ್ ಲೀಗ್ ಆಡಿದ. ಒಳ್ಳೆಯ ಆಟಗಾರ, ಅವನ ಮೇಲೆ ನನ್ನ ದೂರಿಲ್ಲ. ಒಂದೇ ತಂಡ, ಒಂದೇ ಜಾಗ, ಒಂದೇ ವರ್ಷ. ಒಬ್ಬನಿಗೆ 26 ಸೀಸನ್, ಇನ್ನೊಬ್ಬನಿಗೆ 42 ಪಂದ್ಯ. ಪಕ್ಕೆಲುಬು ಮುರಿದ ಕ್ಯಾಚರುಗಳು ಮರುವರ್ಷ ಮತ್ತೆ ಬಂದು ಆಡುವುದಿತ್ತು.

ಫ್ಲೀಟ್ ಆಟ ಬಿಡಲಿಲ್ಲ. ಕೆಳಗಿನ ಲೀಗುಗಳಿಗೆ ಇಳಿದ. ಕ್ಲೀವ್‌ಲ್ಯಾಂಡ್, ವಾಟರ್‌ಬರಿ, 1887ರಲ್ಲಿ ನ್ಯೂಆರ್ಕ್. ನ್ಯೂಆರ್ಕ್‌ನಲ್ಲಿ ಜಾರ್ಜ್ ಸ್ಟೋವಿ ಎಂಬ ಕಪ್ಪು ಪಿಚರ್ ಇದ್ದ, ಆ ವರ್ಷ 30ಕ್ಕೂ ಹೆಚ್ಚು ಪಂದ್ಯ ಗೆದ್ದವನು. ಎಸೆಯುವವನೂ ಹಿಡಿಯುವವನೂ ಇಬ್ಬರೂ ಕಪ್ಪು ಜನ. ಸನ್ನೆಗೆ ಈಗ ಅಡ್ಡಿಯಿರಲಿಲ್ಲ. ನ್ಯೂಆರ್ಕ್ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗಿನಲ್ಲಿ ಅದೇ ವರ್ಷ ಬಡ್ ಫೌಲರ್, ಫ್ರ್ಯಾಂಕ್ ಗ್ರಾಂಟ್, ರಾಬರ್ಟ್ ಹಿಗಿನ್ಸ್ ಎಲ್ಲರೂ ಆಡುತ್ತಿದ್ದರು. ಹಿಗಿನ್ಸ್ ಇದ್ದಾನೆಂದು ತಂಡದ ಫೋಟೊಗೆ ನಿಲ್ಲದ ಬಿಳಿಯ ಆಟಗಾರರೂ ಇದ್ದರು.

1887ರ ಜುಲೈ 14. ಷಿಕಾಗೊ ತಂಡ ನ್ಯೂಆರ್ಕ್‌ಗೆ ಬಂದಿತ್ತು. ಆನ್ಸನ್ ಮತ್ತೆ ತನ್ನ ಹಟ ಹೂಡಿದ. ಈ ಬಾರಿ ಚಾರ್ಲಿ ಮಾರ್ಟನ್ ಇರಲಿಲ್ಲ. ಸ್ಟೋವಿಗೆ ಮೈ ಸರಿಯಿಲ್ಲವೆಂದು ಪ್ರಕಟಿಸಿದರು, ವಾಕರ್‌ನನ್ನೂ ಆಡಿಸಲಿಲ್ಲ. ಅದೇ ದಿನ ಬಫಲೋ ನಗರದಲ್ಲಿ ಇಂಟರ್‌ನ್ಯಾಷನಲ್ ಲೀಗಿನ ಮಾಲೀಕರು ಸಭೆ ಸೇರಿದ್ದರು. ಕಪ್ಪು ಆಟಗಾರರ ಜತೆ ಇನ್ನು ಹೊಸ ಒಪ್ಪಂದಗಳಿಗೆ ಮಂಜೂರಾತಿ ಕೊಡಬಾರದೆಂದು ಮತ ಹಾಕಿದರು. ಪರ 6, ವಿರುದ್ಧ 4. ಕಪ್ಪು ಆಟಗಾರರಿದ್ದ ತಂಡಗಳು ವಿರುದ್ಧ ಹಾಕಿದವು, ಇಲ್ಲದ ತಂಡಗಳು ಪರ ಹಾಕಿದವು.

ಅಮೆರಿಕದ ಬೇಸ್‌ಬಾಲಿನ ವರ್ಣರೇಖೆಯ ಹೊಣೆಯನ್ನು ಆನ್ಸನ್ ಒಬ್ಬನ ತಲೆಗೆ ಕಟ್ಟುವುದು ವಾಡಿಕೆ. ನಾನು ಇದನ್ನು ಒಪ್ಪುವುದಿಲ್ಲ. ಅವನ ತಪ್ಪು ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ 1883ರಲ್ಲಿ ಅದೇ ಆನ್ಸನ್ ಅದೇ ಹಟ ಹಿಡಿದು, ಎದುರು ಒಬ್ಬ ಮ್ಯಾನೇಜರ್ ನೆಟ್ಟಗೆ ನಿಂತದ್ದಕ್ಕೆ ಬಾಗಿದ್ದನ್ನು ನೋಡಿದೆವು. 1887ರಲ್ಲಿ ಅವನು ಗೆದ್ದದ್ದು ಅವನ ಬಲದಿಂದಲ್ಲ. ಬಫಲೋದ ಒಂದು ಕೋಣೆಯಲ್ಲಿ ಕೈಯೆತ್ತಿದ ಆರು ಜನ ಅವನಿಗಿಂತ ಮುಖ್ಯರು. ಅವರ ಹೆಸರು ಯಾರ ನೆನಪಿನಲ್ಲೂ ಇಲ್ಲ. ದೇಶದ ಗಾಳಿಯೂ ಅವರ ಬೆನ್ನಿಗಿತ್ತು. ಸಾರ್ವಜನಿಕ ಸ್ಥಳಗಳಲ್ಲಿ ಭೇದ ಮಾಡಬಾರದೆಂದಿದ್ದ 1875ರ ನಾಗರಿಕ ಹಕ್ಕುಗಳ ಕಾನೂನನ್ನು ಸುಪ್ರೀಂ ಕೋರ್ಟು 1883ರ ಅಕ್ಟೋಬರಿನಲ್ಲಿ ಅಸಿಂಧುಗೊಳಿಸಿತ್ತು. ಅಂದರೆ ಆ ಟೊಲೀಡೊ ಪಂದ್ಯ ಮುಗಿದು ಎರಡೇ ತಿಂಗಳಿಗೆ.

ಈಗ ತಮ್ಮನ ಕಡೆಗೆ ತಿರುಗುತ್ತೇನೆ. ಈ ಉಪನ್ಯಾಸಕ್ಕೆ ನಾನು ಒಪ್ಪಿಕೊಂಡದ್ದೇ ಈ ಭಾಗಕ್ಕಾಗಿ.

ವೆಲ್ಡಿ ಅಣ್ಣನಷ್ಟು ದೊಡ್ಡ ಆಟಗಾರನಲ್ಲ. 1887ರಲ್ಲಿ ಅವನು ಒಹಾಯೊದ ಆಕ್ರನ್ ತಂಡಕ್ಕೆ ಆಡಿದ್ದ. ಆ ಲೀಗು 1888ಕ್ಕೆ ಟ್ರೈ-ಸ್ಟೇಟ್ ಲೀಗ್ ಎಂದು ಹೆಸರು ಬದಲಿಸಿಕೊಂಡಿತು. ಬದಲಿಸುವಾಗ, ಕಪ್ಪು ಆಟಗಾರರ ಜತೆ ಒಪ್ಪಂದ ಮಾಡಿಕೊಳ್ಳಬಹುದೆಂದಿದ್ದ ನಿಯಮವನ್ನು ತೆಗೆದುಹಾಕಿತು. ವೆಲ್ಡಿ ಲೀಗಿನ ಅಧ್ಯಕ್ಷರಿಗೆ ಪತ್ರ ಬರೆದ. ಅದು 1888ರ ಮಾರ್ಚ್ 14ರ ಸ್ಪೋರ್ಟಿಂಗ್ ಲೈಫ್ ಪತ್ರಿಕೆಯಲ್ಲಿ ಅಚ್ಚಾಯಿತು.

ಪತ್ರ ದೊಡ್ಡದಲ್ಲ. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನಿಮ್ಮ ಈ ತೀರ್ಮಾನ ನಮ್ಮ ಕಾಲಕ್ಕೇ ಅವಮಾನ; ಎಲ್ಲ ಮನುಷ್ಯರೂ ಸಮಾನರೆನ್ನುವ ಒಹಾಯೊದ ಕಾನೂನನ್ನು ಇದು ಅಣಕಿಸುತ್ತದೆ ಎಂದು ಶುರುಮಾಡುತ್ತಾನೆ. ಇದನ್ನು ಹಿಂತೆಗೆಯುವುದಿಲ್ಲವಾದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಪ್ಪು ಗಂಡಸಾಗಲಿ ಹೆಂಗಸಾಗಲಿ ಆಟದ ಮೈದಾನದಲ್ಲಿ ಕಾಣಿಸಿಕೊಳ್ಳುವುದೇ ಅಪರಾಧವೆಂದು ಕಾನೂನು ಮಾಡಿ ಎನ್ನುತ್ತಾನೆ. ಯಾಕೆಂದರೆ ನೋಡಲು ಬರುವ ಕಪ್ಪು ಜನರಿಗೆ ನೀವು ಬಿಳಿಯರಷ್ಟೇ ಆಸನ ಕೊಡುತ್ತೀರಿ, ಅವರ ಟಿಕೆಟ್ಟಿನ ಹಣವೂ ಬಿಳಿಯರ ಹಣ ಹೋಗುವ ಪೆಟ್ಟಿಗೆಗೇ ಹೋಗುತ್ತದೆ. ಒಬ್ಬನನ್ನು ಆಟದಿಂದ ಹೊರಗಿಡುವುದಾದರೆ ಅವನಿಗೆ ಆಡಲು ಬರುವುದಿಲ್ಲವೆಂದೋ, ನಡತೆ ಸರಿಯಿಲ್ಲವೆಂದೋ, ಬುದ್ಧಿ ಸಾಲದೆಂದೋ ಹೇಳಿ, ಮೈಬಣ್ಣ ಕಾರಣವಾಗಬಾರದು ಎನ್ನುತ್ತಾನೆ. ಕೊನೆಗೆ ಒಂದು ಪ್ರಶ್ನೆ: ಆ ನಿಯಮವನ್ನು ತೆಗೆದದ್ದು ಯಾಕೆ?

ಆ ಪತ್ರದಲ್ಲಿ ಗೋಗರೆತ ಇಲ್ಲ. ನನಗೆ ಕೆಲಸ ಕೊಡಿ ಎಂಬ ಮಾತಿಲ್ಲ. ಓದಿದ ಮನೆಯ ಹುಡುಗ ತನಗೆ ಸಮಾನರಾದವರಿಗೆ ಬರೆದಂತೆ ಬರೆದಿದ್ದಾನೆ. ದುಡ್ಡಿನ ಪೆಟ್ಟಿಗೆಯ ಮಾತು ಎಷ್ಟು ಕರಾರುವಾಕ್ಕಾಗಿದೆ ನೋಡಿ: ನಮ್ಮ ಕಾಸಿಗೆ ಬಣ್ಣವಿಲ್ಲ, ಕೈಗೆ ಮಾತ್ರ ಇದೆಯೇ ಎಂಬ ಪ್ರಶ್ನೆ ಅದರ ಒಳಗಿದೆ. 28 ತುಂಬದ ಹುಡುಗ ಬರೆದ ಈ ವಾದಕ್ಕೆ ಬೇಸ್‌ಬಾಲಿನ ಆಡಳಿತಗಾರರು ಮುಂದಿನ ಐವತ್ತು ವರ್ಷ ನೇರವಾಗಿ ಉತ್ತರ ಕೊಡಲಿಲ್ಲ. ನಮ್ಮಲ್ಲಿ ಅಂಥ ನಿಯಮವೇ ಇಲ್ಲ ಎನ್ನುತ್ತ ಕಾಲ ಕಳೆದರು. ಬರೆಯದೆ ಪಾಲಿಸುವ ನಿಯಮದ ವಿರುದ್ಧ ವಾದ ಮಾಡುವುದೇ ಕಷ್ಟ.

ಅಣ್ಣ 1888ರಲ್ಲಿ ಇಂಟರ್‌ನ್ಯಾಷನಲ್ ಲೀಗಿನ ಸಿರಕ್ಯೂಸ್ ತಂಡಕ್ಕೆ ಹೋದ. ಆ ವರ್ಷ ಆ ತಂಡ ಲೀಗ್ ಗೆದ್ದಿತು. 1889ರಲ್ಲಿ ಅವನನ್ನು ಬಿಟ್ಟುಕೊಟ್ಟರು. ಆಮೇಲೆ ಆ ಲೀಗಿನಲ್ಲಿ ಒಬ್ಬ ಕಪ್ಪು ಆಟಗಾರ ಕಾಣಿಸಿಕೊಂಡದ್ದು 1946ರಲ್ಲಿ. ಮಾಂಟ್ರಿಯಲ್ ತಂಡದಲ್ಲಿ, ಜಾಕಿ ರಾಬಿನ್ಸನ್.

ಇಲ್ಲಿಂದ ಮುಂದಿನದು ಹೇಳಲು ಕಷ್ಟದ ಭಾಗ. ಮಹನೀಯರ ಕಥೆ ಹೇಳುವಾಗ ನಾವು ಇಂಥ ಪುಟಗಳನ್ನು ಹಾರಿಸಿಬಿಡುತ್ತೇವೆ. ನಾನು ಹಾರಿಸುವುದಿಲ್ಲ. 1891ರ ಏಪ್ರಿಲ್ 9ರ ಮಧ್ಯಾಹ್ನ ಸಿರಕ್ಯೂಸ್‌ನ ಒಂದು ಹೆಂಡದಂಗಡಿಯ ಬಳಿ ಕೆಲವು ಬಿಳಿಯ ಕೂಲಿಗಳ ಗುಂಪಿಗೂ ಫ್ಲೀಟ್‌ಗೂ ಮಾತಿಗೆ ಮಾತು ಬೆಳೆಯಿತು. ಅವನ ತಲೆಗೆ ಕಲ್ಲು ಬಿತ್ತು. ಅವನು ಚಾಕು ಬೀಸಿದ. ಪ್ಯಾಟ್ರಿಕ್ ಮರ್ರಿ ಎಂಬಾತ ಸತ್ತ. ಫ್ಲೀಟ್ ಮೇಲೆ ಕೊಲೆಯ ಮೊಕದ್ದಮೆ ನಡೆಯಿತು. ಜೂರಿಯಲ್ಲಿ ಕೂತವರೆಲ್ಲ ಬಿಳಿಯರು. ಜೂನ್ ತಿಂಗಳಲ್ಲಿ ಅವರು ಅವನು ತಪ್ಪಿತಸ್ಥನಲ್ಲವೆಂದು ತೀರ್ಪಿತ್ತರು. ಕೋರ್ಟಿನಲ್ಲಿ ತುಂಬಿದ್ದ ಜನ ಚಪ್ಪಾಳೆ ತಟ್ಟಿದರು. ಅವರಲ್ಲಿ ಅವನ ಆಟ ನೋಡಿದವರು ಬಹಳ ಜನ ಇದ್ದಿರಬೇಕು. ಒಬ್ಬ ಮನುಷ್ಯ ಸತ್ತಿದ್ದ ಎಂಬುದನ್ನು ನಾನು ಮರೆತು ಈ ಮಾತು ಹೇಳುತ್ತಿಲ್ಲ.

ಕುಟುಂಬ ಸ್ಟೂಬೆನ್‌ವಿಲ್‌ಗೆ ಮರಳಿತು. ಮೂವರು ಮಕ್ಕಳು. 1895ರಲ್ಲಿ ಅರಬೆಲ್ಲ ಕ್ಯಾನ್ಸರಿನಿಂದ ತೀರಿಕೊಂಡಳು. ಫ್ಲೀಟ್ ರೈಲ್ವೆ ಅಂಚೆಯಲ್ಲಿ ಗುಮಾಸ್ತನಾಗಿದ್ದ. 1898ರಲ್ಲಿ ರಿಜಿಸ್ಟರ್ಡ್ ಪತ್ರಗಳಿಂದ ಹಣ ಕದ್ದ ಅಪರಾಧ ಅವನ ಮೇಲೆ ಸಾಬೀತಾಗಿ ಒಂದು ವರ್ಷ ಜೈಲು ಕಂಡ. ಅದೇ ವರ್ಷ ಎಡ್ನಾ ಮೇಸನ್ ಅವನನ್ನು ಮದುವೆಯಾದಳು. ಕಾಲೇಜಿನ ದಿನಗಳಲ್ಲಿ ಕಂಡ ಮಿಂಚಿನಂಥ ಆಟಗಾರನನ್ನಲ್ಲ, ಹೆಂಡತಿ ಸತ್ತ, ಹೆಸರು ಕೆಟ್ಟ, ನಡುವಯಸ್ಸಿನ ಮನುಷ್ಯನನ್ನು. ಆಕೆಯ ಬಗ್ಗೆ ಬರೆದದ್ದು ಕಡಿಮೆ. ಮುಂದಿನ ಇಪ್ಪತ್ತು ವರ್ಷ ಅವನು ನೆಟ್ಟಗೆ ನಿಂತು ಬದುಕಿದ್ದರ ಹಿಂದೆ ಆಕೆ ಇದ್ದಳೆಂದು ನಾನು ನಂಬಿದ್ದೇನೆ.

ಏಕೆಂದರೆ ಆ ಇಪ್ಪತ್ತು ವರ್ಷ ಸೋತವನ ವರ್ಷಗಳಲ್ಲ. ಅಣ್ಣತಮ್ಮಂದಿರು ಸೇರಿ ಇಕ್ವೇಟರ್ ಎಂಬ ಪತ್ರಿಕೆ ನಡೆಸಿದರು. ಸ್ಟೂಬೆನ್‌ವಿಲ್‌ನಲ್ಲಿ ಹೋಟೆಲು ನೋಡಿಕೊಂಡರು. 1904ರಿಂದ ಫ್ಲೀಟ್ ಮತ್ತು ಎಡ್ನಾ ಪಕ್ಕದ ಕೇಡಿಜ್ ಊರಿನಲ್ಲಿ ಆಪೆರಾ ಹೌಸ್ ನಡೆಸಿದರು. ಅಲ್ಲಿ ನಾಟಕ, ಸಂಗೀತ, ಆಮೇಲೆ ಸಿನಿಮಾ. ಸಿನಿಮಾ ರೀಲುಗಳನ್ನು ಹಾಕಿ ತೆಗೆಯುವ ಕಷ್ಟವನ್ನು ದಿನವೂ ಕಂಡವನಾದ್ದರಿಂದ 1920ರಲ್ಲಿ ಅದಕ್ಕೆ ಸಂಬಂಧಿಸಿದ ಸಲಕರಣೆಗಳಿಗೆ ಪೇಟೆಂಟ್ ಪಡೆದ. ಅದಕ್ಕೂ ಮುಂಚೆ, 1891ರಲ್ಲೇ, ಫಿರಂಗಿ ಗುಂಡಿನ ಒಂದು ಹೊಸ ಬಗೆಗೆ ಅವನು ಪೇಟೆಂಟ್ ಮಾಡಿಸಿದ್ದ. ಕೈ ಬಲ್ಲ, ತಲೆ ಬಲ್ಲ ಮನುಷ್ಯ.

1908ರಲ್ಲಿ ಅವನು ಅವರ್ ಹೋಮ್ ಕಾಲೊನಿ ಎಂಬ ಸಣ್ಣ ಪುಸ್ತಕ ಪ್ರಕಟಿಸಿದ. ಅಮೆರಿಕದಲ್ಲಿ ಕಪ್ಪು ಜನರ ಹಿಂದು, ಇಂದು, ಮುಂದುಗಳ ವಿಚಾರ. ಅದರ ತೀರ್ಮಾನ ಕಹಿಯಾದದ್ದು: ಈ ದೇಶದಲ್ಲಿ ಬಿಳಿಯರೂ ಕಪ್ಪು ಜನರೂ ಸಮಾನರಾಗಿ ಬಾಳುವುದು ಆಗದ ಮಾತು, ಕಪ್ಪು ಜನ ಆಫ್ರಿಕಕ್ಕೆ ಮರಳಬೇಕು. ಓಬರ್ಲಿನ್‌ನ ಬೆಂಚಿನ ಮೇಲೆ ಬಿಳಿಯರ ಪಕ್ಕ ಕೂತು ಓದಿದವನು, ಇಬ್ಬರ ಮಕ್ಕಳೂ ಒಂದೇ ತಂಡದಲ್ಲಿ ಆಡಬಹುದೆಂದು ಮೈದಾನದಲ್ಲಿ ತೋರಿಸಿಕೊಟ್ಟವನು, 50 ದಾಟಿದ ಮೇಲೆ ಹೀಗೆ ಬರೆದ. ಈ ತೀರ್ಮಾನವನ್ನು ನಾನು ಒಪ್ಪಲಾರೆ. ಆದರೆ ಅವನು ಅಲ್ಲಿಗೆ ತಲುಪಿದ ದಾರಿಯನ್ನು ಕಂಡ ಮೇಲೆ ಅವನನ್ನು ತಪ್ಪೆನ್ನಲು ನಾಲಗೆ ಏಳುವುದಿಲ್ಲ.

ಇನ್ನೊಬ್ಬ ಮನುಷ್ಯನ ಹೆಸರು ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. 1879ರ ಜೂನ್ 21ರಂದು ಪ್ರಾವಿಡೆನ್ಸ್ ತಂಡಕ್ಕೆ ವಿಲಿಯಂ ಎಡ್ವರ್ಡ್ ವೈಟ್ ಎಂಬ ಕಾಲೇಜು ಹುಡುಗ ಒಂದೇ ಒಂದು ಮೇಜರ್ ಲೀಗ್ ಪಂದ್ಯ ಆಡಿದ. ಅವನು ಜಾರ್ಜಿಯದ ಒಬ್ಬ ಜಮೀನುದಾರನಿಗೂ ಗುಲಾಮ ಹೆಂಗಸೊಬ್ಬಳಿಗೂ ಹುಟ್ಟಿದವನೆಂದು ನಮ್ಮ ಕಾಲದ ಸಂಶೋಧಕರು ಕಂಡುಕೊಂಡಿದ್ದಾರೆ. ಆ ಲೆಕ್ಕದಲ್ಲಿ ಮೇಜರ್ ಲೀಗಿನ ಮೊದಲ ಕಪ್ಪು ಆಟಗಾರ ಅವನೇ. ಆದರೆ ಅವನ ಮೈ ಬೆಳ್ಳಗಿತ್ತು, ಬಿಳಿಯನೆಂದೇ ಬದುಕಿದ. ಅದು ಅವನ ಆಯ್ಕೆ, ಅವನ ಭಯ. ತೀರ್ಪು ಕೊಡಲು ನಾನು ಯಾರು. ಕಪ್ಪು ಮನುಷ್ಯನೆಂದು ಎಲ್ಲರಿಗೂ ತಿಳಿದೇ, ಹಾಗೆಂದೇ ಬೈಗುಳ ತಿಂದು, ಆ ಮೈದಾನಕ್ಕೆ ಇಳಿದ ಮೊದಲಿಗ ಫ್ಲೀಟ್.

1920ರಲ್ಲಿ ಎಡ್ನಾ ತೀರಿಕೊಂಡಳು. ಫ್ಲೀಟ್ ಆಪೆರಾ ಹೌಸ್ ಬಿಟ್ಟು ಕ್ಲೀವ್‌ಲ್ಯಾಂಡಿಗೆ ಹೋದ. ಬಿಲಿಯರ್ಡ್ಸ್ ಕೋಣೆಯೊಂದರಲ್ಲಿ ಗುಮಾಸ್ತನಾಗಿದ್ದ. 1924ರ ಮೇ 11ರಂದು ನ್ಯುಮೋನಿಯದಿಂದ ಸತ್ತ. ಸ್ಟೂಬೆನ್‌ವಿಲ್‌ನ ಯೂನಿಯನ್ ಸ್ಮಶಾನದಲ್ಲಿ ಹೂಳಿದರು. ವೆಲ್ಡಿ 1937ರವರೆಗೆ ಬದುಕಿದ್ದ. ಅಣ್ಣ ಆಡಿದ ಆಟಕ್ಕೆ ಮತ್ತೊಬ್ಬ ಕಪ್ಪು ಹುಡುಗ ಮರಳಿದ್ದನ್ನು ಅವನೂ ನೋಡಲಿಲ್ಲ. ಜಾಕಿ ರಾಬಿನ್ಸನ್ ಮೇಜರ್ ಲೀಗಿಗೆ ಬಂದದ್ದು 1947ರ ಏಪ್ರಿಲ್ 15ರಂದು. ಅವನ ಅಂಗಿಯ ಮೇಲಿದ್ದ ಸಂಖ್ಯೆ 42. ಫ್ಲೀಟ್ ಆಡಿದ ಪಂದ್ಯಗಳೂ 42. ಇದು ಕಾಕತಾಳೀಯ, ಬೇರೇನೂ ಅಲ್ಲ. ಆದರೂ ಮೊದಲ ಸಲ ಈ ಎರಡು ಅಂಕಿಗಳನ್ನು ಒಟ್ಟಿಗೆ ಕಂಡಾಗ ನನಗೆ ಕಣ್ಣು ತುಂಬಿ ಬಂತು.

ಫ್ಲೀಟ್‌ನ ಗೋರಿಯ ಮೇಲೆ 66 ವರ್ಷ ಒಂದು ಕಲ್ಲೂ ಇರಲಿಲ್ಲ. 1990ರಲ್ಲಿ ಓಬರ್ಲಿನ್ ಕಾಲೇಜಿನವರು ಹೋಗಿ ಹೆಸರು ಕೆತ್ತಿದ ಕಲ್ಲು ನೆಟ್ಟರು. ಮೊದಲು ಬಾಗಿಲು ತೆರೆದವರೇ ಕೊನೆಗೂ ಬಂದರು. 2017ರಲ್ಲಿ ಒಹಾಯೊ ರಾಜ್ಯ ಅಕ್ಟೋಬರ್ 7ನ್ನು ಅವನ ಹೆಸರಿನ ದಿನವೆಂದು ಕಾನೂನು ಮಾಡಿತು. ಬೇಸ್‌ಬಾಲಿನ ಹಾಲ್ ಆಫ್ ಫೇಮಿನಲ್ಲಿ ಫ್ರ್ಯಾಂಕ್ ಗ್ರಾಂಟ್ ಇದ್ದಾನೆ, 2022ರಿಂದ ಬಡ್ ಫೌಲರ್ ಇದ್ದಾನೆ, ಕ್ಯಾಪ್ ಆನ್ಸನ್ ಬಹಳ ಹಿಂದಿನಿಂದ ಇದ್ದಾನೆ. ವಾಕರ್ ಇಲ್ಲ.

ಇಲ್ಲಿ ಕೂತಿರುವ ವಿದ್ಯಾರ್ಥಿಗಳಲ್ಲಿ ಒಂದು ಕೇಳಿಕೆ. 1888ರ ಮಾರ್ಚ್ 14ರ ವೆಲ್ಡಿ ವಾಕರ್‌ನ ಪತ್ರ ಹುಡುಕಿದರೆ ಸಿಗುತ್ತದೆ. ನಾನು ಸಾರವನ್ನಷ್ಟೇ ಹೇಳಿದೆ, ಅದರ ಬಿಗಿ ನನ್ನ ಮಾತಿನಲ್ಲಿ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಅದನ್ನು ಪೂರ್ತಿಯಾಗಿ ಕನ್ನಡಕ್ಕೆ ತನ್ನಿ. ಮುಂದಿನ ವರ್ಷದ ಈ ದತ್ತಿ ಕಾರ್ಯಕ್ರಮ ಆ ಪತ್ರದ ಓದಿನಿಂದ ಶುರುವಾಗಲಿ.